ಸಾಹೇಬನ ಹಣೆಯ ಮೇಲಿನ ಮೂರು ಗೆರೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕುಂದಗೋಳದ ಕಾಕಾನ ಮನೆಯಲ್ಲಿ ಕಾಕಾ ಮತ್ತು ನಾನು ಕೂತು ಚಿತ್ರಗಳಿಗೆ ಬಣ್ಣ ಹಾಕುತ್ತಿದ್ದ ಕಿಟಕಿ ಮೂಡಣಕ್ಕಿತ್ತು ಎಂದು ಒಂದು ಕಡೆ ಬರೆದುಕೊಂಡಿದ್ದೇನೆ, ಬಡಗಣಕ್ಕಿತ್ತು ಎಂದು ಇನ್ನೊಂದು ಕಡೆ. ಹೋಗಿ ನೋಡಿ ತೀರ್ಮಾನಿಸೋಣವೆಂದರೆ ಆ ಗೋಡೆಯನ್ನು ಒಡೆದು ಅಡುಗೆಮನೆ ದೊಡ್ಡದು ಮಾಡಿದ್ದಾರೆ. ಚಿಕ್ಕಂದಿನಿಂದ ಡೈರಿ ಬರೆಯುವ ರೂಢಿ ನನಗಿದೆ. ಆದರೆ ಬರೆಯಬೇಕಾದದ್ದು ನಡೆದ ದಿನಗಳಲ್ಲಿ ನಾನು ಮಳೆ, ಬಿಸಿಲು, ಬಸ್ಸು ತಡವಾದದ್ದು, ಇಷ್ಟನ್ನೇ ಬರೆದಿದ್ದೇನೆ. ಇತಿಹಾಸ ಓದಿ ಎಂ.ಎ. ಮಾಡಿದವಳು ನಾನು. ಬೇರೆಯವರ ಕಾಗದಪತ್ರಗಳನ್ನು ಹೇಗೆ ಅನುಮಾನಿಸಬೇಕೆಂದು ಕಲಿತೆ. ನನ್ನವನ್ನು ಅನುಮಾನಿಸಲು ಆಮೇಲೆ ಕಲಿತೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ನಮ್ಮದು ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿ. ಐದನೆಯ ಇಯತ್ತೆಗೆ ನನ್ನನ್ನು ಓದಲಿಕ್ಕೆಂದು ಕಾಕಾ ಮತ್ತು ಅವರ ಹೆಂಡತಿ ಕಾಕುವಿನ ಮನೆಯಲ್ಲಿ ಬಿಟ್ಟರು. ಅವರ ಒಬ್ಬಳೇ ಮಗಳಿಗೆ ಆಗಲೇ ಮದುವೆಯಾಗಿತ್ತು. ಪಡಸಾಲೆಯ ಗಾಜಿನ ಕಪಾಟಿನಲ್ಲಿ ದೊಡ್ಡ ದೊಡ್ಡ ಪುಸ್ತಕಗಳಿದ್ದವು, ಅವನ್ನು ನಿಲ್ಲಿಸುತ್ತಿರಲಿಲ್ಲ, ಮಲಗಿಸಿಡುತ್ತಿದ್ದರು. ಎಲ್ಲವೂ ಸೈನ್ಯದ ಉಡುಪಿನ ಚಿತ್ರಪುಸ್ತಕಗಳು. ಕಂಪನಿ ಸರಕಾರದ ಕಾಲದಲ್ಲಿ ವಿಲಾಯತಿಯಲ್ಲಿ ಅಚ್ಚಾದವು. ಹಾಳೆಗೊಬ್ಬ ಸಿಪಾಯಿ, ಇಲ್ಲವೇ ಸವಾರ, ಇಲ್ಲವೇ ತುತ್ತೂರಿ ಊದುವವ. ಗೆರೆಗಳು ಅಚ್ಚಿನವು, ಬಣ್ಣ ಮಾತ್ರ ಒಂದೊಂದು ಪ್ರತಿಗೂ ಕೈಯಿಂದ ಹಾಕಿದ್ದು. ಕೋಟು ಸಾಮಾನ್ಯವಾಗಿ ಎಲ್ಲರದೂ ಕೆಂಪೇ. ಕಾಲರು ಮತ್ತು ಮುಂಗೈಪಟ್ಟಿಯ ಬಣ್ಣ ನೋಡಿ ಯಾವ ಪಲ್ಟನ್ನು ಎಂದು ಗುರುತಿಸಬೇಕು. ಹಳದಿ, ಹಸಿರು, ಬಿಳಿ, ಒಂದಕ್ಕೆ ಕಪ್ಪು.

ಇದರ ಹುಚ್ಚು ಅವರಿಗೆ ಹೇಗೆ ಹಿಡಿಯಿತೋ ಗೊತ್ತಿಲ್ಲ. ಮೊದಲನೆಯ ಪುಸ್ತಕ ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿತಂತೆ. ಯಾವುದೋ ವಾಡೆ ಖಾಲಿ ಮಾಡಿದವರು ಹಳೆಯ ಪೇಪರಿನ ಜೊತೆ ತೂಕಕ್ಕೆ ಹಾಕಿದ್ದರು. ಆಮೇಲೆ ಪುಣೆಯ, ಬೆಳಗಾವಿಯ ಹಳೇ ಸಾಮಾನಿನವರಿಗೆ ಕಾರ್ಡು ಬರೆದು ತರಿಸಿಕೊಳ್ಳುವುದು ಸುರುವಾಯಿತು. ಮನೆಗೆ ಬಂದವರು ನಗುತ್ತಿದ್ದರು. "ಮಾಸ್ತರ, ಗೋರಾ ಮಂದಿ ಕೈಯಾಗ ಪಗಾರ ತಿಂದಾವ್ರು ಇವ್ರು. ನಿಮಗೇನ ಬೀಗರೇನ್ರಿ?" ಎಂದು ಒಬ್ಬರು ಕೇಳಿದ್ದು ನೆನಪಿದೆ. ಕಾಕಾ ಸಿಟ್ಟಾಗಲಿಲ್ಲ. ಒಂದು ಹಾಳೆ ತೆಗೆದು ಅವರ ಮುಂದೆ ಇಟ್ಟು, "ಮಾರಿ ನೋಡ್ರಿ. ಅಗದಿ ನಮ್ಮ ಕಡೇ ಮನಷ್ಯಾ. ಅಂವನ ಅಂಗಿ ಬಣ್ಣ ಬರದಾರ, ಗುಂಡಿ ಎಷ್ಟ ಅಂತ ಬರದಾರ, ಬೂಟ ಬರದಾರ. ಹೆಸರ ಬರದಿಲ್ಲ," ಎಂದರು. ಬಂದವರು ಚಹಾ ಕುಡಿದು ಹೋದರು.

ಕಾಕುಗೆ ಮಾತ್ರ ಈ ಮಾತಿನಿಂದ ಸಮಾಧಾನವಿರಲಿಲ್ಲ. "ಸತ್ತ ಸಿಪಾಯಿಗೋಳ ಅಂಗಿ ಗುಂಡಿ ಎಣಸೂದ ಬಿಟ್ಟು ನಿಮ್ಮ ಅಂಗಿಗೆ ಎರಡ ಗುಂಡಿ ಹಚ್ಚಕೋರಿ ಮೊದಲ. ಸಾಲ್ಯಾಗ ಹುಡುಗ್ರು ಎಣಸಾಕತ್ತಾರ," ಎನ್ನುತ್ತಿದ್ದರು. ಆದರೂ ದಸರೆಯಲ್ಲಿ ಖಂಡೆ ಪೂಜೆಯ ದಿನ ಕುಡಗೋಲು, ಈಳಿಗೆಗಳ ಜೊತೆಗೆ ಆ ಪುಸ್ತಕಗಳನ್ನೂ ಮಣೆಯ ಮೇಲೆ ಇಡಿಸಿ, ರಟ್ಟಿಗೆ ವಿಭೂತಿ ಹಚ್ಚುವವರು ಅವರೇ.

ವಿಭೂತಿಯ ವಿಷಯದಲ್ಲಿ ಕಾಕು ಕಟ್ಟುನಿಟ್ಟು. ಮುಂಜಾನೆ ಹಣೆಗೆ ಹಚ್ಚಿಕೊಳ್ಳದೆ ಒಲೆಯ ಕಡೆ ಸುಳಿದರೆ ರೊಟ್ಟಿ ಇಲ್ಲ. "ಬರೇ ಹಣೀಲೆ ಅಡ್ಯಾಡಬ್ಯಾಡ ಬೇ, ಹೆಣದ್ಹಂಗ ಕಾಣ್ತಿ," ಎಂದು ನನ್ನ ಗದ್ದ ಹಿಡಿದು ತಾವೇ ಎಳೆಯುತ್ತಿದ್ದರು, ಮೂರು ಬೆರಳಿನಿಂದ, ಎಡದಿಂದ ಬಲಕ್ಕೆ.

ಕಾಕಾನ ಸಂಗ್ರಹದಲ್ಲಿ ಎಲ್ಲಕ್ಕಿಂತ ದೊಡ್ಡದು ಎರಡು ಸಂಪುಟದ ಒಂದು ಪುಸ್ತಕ. ಹುಬ್ಬಳ್ಳಿಯಲ್ಲಿ ಸಿಕ್ಕದ್ದು ಅದರ ಮೊದಲ ಸಂಪುಟ, ಬಣ್ಣದ್ದು. ಎರಡನೆಯದಕ್ಕಾಗಿ ಅವರು ಬಹಳ ವರ್ಷ ಕಾದರು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಬೆಳಗಾವಿಯ ಕ್ಯಾಂಪಿನಿಂದ ಅದು ಬಂತು. ಗೋಣಿತಾಟು ಬಿಚ್ಚಿ ಪುಟ ತೆರೆದವರು ಹಾಗೆಯೇ ಕೂತುಬಿಟ್ಟರು. ಹಾಳೆಗಳಲ್ಲಿ ಬಣ್ಣವೇ ಇರಲಿಲ್ಲ. ಆ ಕಾಲದಲ್ಲಿ ಒಂದೇ ಪುಸ್ತಕವನ್ನು ಬಣ್ಣ ಹಾಕಿಸಿಯೂ ಮಾರುತ್ತಿದ್ದರು, ಬರೀ ಗೆರೆಯಲ್ಲೂ ಮಾರುತ್ತಿದ್ದರು. ಬಂದದ್ದು ಬರೀ ಗೆರೆಯ ಪ್ರತಿ.

ಒಂದು ವಾರವೋ ಒಂದು ತಿಂಗಳೋ ಕಳೆದ ಮೇಲೆ ಕಾಕಾ ಹೇಳಿದರು: "ಬಾ ಬೇ, ಬಣ್ಣ ಹಾಕೂಣು. ಒಂದ ಜೋಡ ಆಗಲಿ."

ಇದರಲ್ಲಿ ಮೋಸದ ಉದ್ದೇಶ ಇತ್ತೇ? ಆಗ ಇರಲಿಲ್ಲ ಎಂದು ನನ್ನ ನಂಬಿಕೆ. ಪ್ರತಿ ಚಿತ್ರದ ಎದುರಿನ ಪುಟದಲ್ಲಿ ಯಾವ ಭಾಗ ಯಾವ ಬಣ್ಣ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದುತ್ತಿದ್ದೆ, ಕಾಕಾ ಡಿಕ್ಷನರಿ ನೋಡಿ ಬಣ್ಣ ಕಲೆಸುತ್ತಿದ್ದರು, ಮೊದಲ ಸಂಪುಟವನ್ನು ಬಾಜು ತೆರೆದಿಟ್ಟುಕೊಂಡು. ಕೋಟು, ಆಕಾಶ, ನೆಲ ಅವರದು. ನನ್ನ ಕೈ ಸಣ್ಣದು, ಕಣ್ಣು ಚುರುಕು. ಹಾಗಾಗಿ ಗುಂಡಿ, ಟೋಪಿಯ ತುರಾಯಿ, ಎದೆಯ ಮೇಲೆ ಅಡ್ಡಡ್ಡ ಹಾಯುವ ಬಿಳಿ ಪಟ್ಟಿ ನನ್ನವು. ಬಿಳಿಗೆ ನಾವು ಬಳಸುತ್ತಿದ್ದದ್ದು ಸಾಲೆಯ ಮಕ್ಕಳ ಪೋಸ್ಟರ್ ಕಲರ್. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವುದನ್ನು ಕಾಕಾ ಕಲಿಸಿದರು. ಒಂದು ಬಣ್ಣ ಒಣಗುವವರೆಗೆ ಮಾತಾಡಬಾರದು, ಉಗುಳು ಸಿಡಿಯುತ್ತದೆ. ಆ ಎರಡು ಬೇಸಿಗೆ ರಜೆ ನಾನು ಬಮ್ಮಿಗಟ್ಟಿಗೆ ಹೋಗಲಿಲ್ಲ. ಮೊದಲ ಸಂಪುಟದಲ್ಲಿಯೂ ಕೆಲವು ಕಡೆ ಕೆಂಪು ಮಾಸಿತ್ತು, ಹುಳ ತಿಂದ ತೂತಿತ್ತು. ಅಲ್ಲಿಯೂ ಕೈ ಆಡಿಸಿದೆವು. ಯಾವ ಹಾಳೆಗಳಲ್ಲಿ ಎಂದು ಇಬ್ಬರೂ ಬರೆದಿಡಲಿಲ್ಲ.

ವಿಲಾಯತಿಯಲ್ಲೂ ಈ ಕೆಲಸ ಮಾಡುತ್ತಿದ್ದವರಲ್ಲಿ ಸಣ್ಣ ಮಕ್ಕಳಿದ್ದರು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಸಾಲಾಗಿ ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟು, ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ. ಓದಿದ ದಿನ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

ನಾನು ಧಾರವಾಡದಲ್ಲಿ ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ಕಾಕಾ ನಿವೃತ್ತರಾದರು. ಒಂದು ಶಿಕ್ಷಣ ಸಂಸ್ಥೆಯ ಕಾರ್ಯದರ್ಶಿಗಳು, ಕಾಕಾನ ಹಳೆಯ ಪರಿಚಯದವರು, ತಮ್ಮ ಹೊಸ ಕಟ್ಟಡದಲ್ಲಿ ಈ ಪುಸ್ತಕಗಳಿಗಾಗಿ ಒಂದು ಕೋಣೆ ಕೊಡಲು ಒಪ್ಪಿದರು. ಕಾಕಾ ದುಡ್ಡು ಕೇಳಲಿಲ್ಲ. ಬಾಗಿಲ ಮೇಲೆ ತಮ್ಮ ಹೆಸರಿನ ಒಂದು ಹಲಗೆ ಕೇಳಿದರು. ಜೀವಮಾನವಿಡೀ ಜನ ಹುಚ್ಚು ಎಂದದ್ದು ಒಂದು ಕೋಣೆಯಾಗುತ್ತದೆ ಎಂಬುದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಆ ತಿಂಗಳು ಅವರು ಹೊಸ ಅಂಗಿ ಹೊಲಿಸಿಕೊಂಡರು.

ಪುಸ್ತಕಗಳ ಪಟ್ಟಿಯನ್ನು ನಾನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟೆ. ಅದು ನನ್ನ ಹತ್ತಿರ ಈಗಲೂ ಇದೆ. ಮೊದಲ ಸಾಲು: "ಎರಡು ಸಂಪುಟಗಳು, ಅಂದಿನ ಕೈಬಣ್ಣ." ಅಂದರೆ ಅಚ್ಚಾದ ಕಾಲದಲ್ಲೇ ಹಾಕಿದ ಬಣ್ಣ. ಆ ಸಾಲು ಟೈಪು ಮಾಡುವಾಗ "ಕಾಕಾ, ಎರಡನೇದಕ್ಕೂ ಹಂಗ ಬರೀಲಿ?" ಎಂದು ಕೇಳಿದೆ ಎಂದು ನನ್ನ ನೆನಪು ಹೇಳುತ್ತದೆ. ಅವರು ಕಿಟಕಿಯ ಹೊರಗೆ ನೋಡುತ್ತ "ಹ್ಞೂಂ, ಬರಿ," ಎಂದರೆಂದೂ ಹೇಳುತ್ತದೆ. ಕೇಳಿಯೇ ಇರಲಿಕ್ಕಿಲ್ಲ. ಕೇಳಿದೆ ಎಂದುಕೊಂಡರೆ ತಪ್ಪಿನ ಅರ್ಧ ಭಾರ ಅವರ ಮೇಲೆ ಹೋಗುತ್ತದೆ. ಆದ್ದರಿಂದಲೇ ಈ ನೆನಪನ್ನು ನಾನು ನಂಬುವುದಿಲ್ಲ.

ಪುಸ್ತಕ ನೋಡಲು ಕಾರ್ಯದರ್ಶಿಗಳು ಒಬ್ಬ ಪರಿಣತರನ್ನು ಕರೆದುಕೊಂಡು ಬಂದರು, ನಿವೃತ್ತ ಪ್ರಾಧ್ಯಾಪಕರು. ಮುಂಜಾನೆ ಹತ್ತರ ಸುಮಾರು. ಪ್ರಾಧ್ಯಾಪಕರು ಕೈ ತೊಳೆದು, ಒರೆಸಿಕೊಂಡು, ಮೇಜನ್ನು ಕಿಟಕಿಯ ಹತ್ತಿರ ಸರಿಸಲು ಹೇಳಿದರು. ಮೊದಲ ಸಂಪುಟ ನೋಡುತ್ತ ಎರಡು ಸಲ "ಛಲೋ ಅದ, ಭಾಳ ಛಲೋ ಅದ," ಎಂದರು. ಕಾಕಾ ನನ್ನ ಕಡೆ ನೋಡಿದರು. ಆಮೇಲೆ ಪ್ರಾಧ್ಯಾಪಕರು ಎರಡನೆಯದನ್ನು ತೆಗೆದರು. ಪುಟ ತಿರುವುತ್ತ ಹೋದವರು ಒಂದು ಕಡೆ ನಿಂತರು. ಒಬ್ಬ ಬಿಳಿಯ ಅಧಿಕಾರಿ, ಕುದುರೆಯ ಪಕ್ಕ ನಿಂತವನು. ಬೇರೆ ಚಿತ್ರಗಳಲ್ಲಿ ಎಲ್ಲರ ತಲೆಯ ಮೇಲೂ ಟೋಪಿಯೋ ಮುಂಡಾಸೋ ಇರುತ್ತದೆ. ಇವನೊಬ್ಬ ಟೋಪಿಯನ್ನು ಕಂಕುಳಲ್ಲಿ ಹಿಡಿದಿದ್ದ. ಪ್ರಾಧ್ಯಾಪಕರು ಹಾಳೆಯನ್ನು ಬೆಳಕಿಗೆ ಓರೆಯಾಗಿ ಎತ್ತಿದರು, ಭೂತಗನ್ನಡಿ ಹಿಡಿದರು, ಮತ್ತೆ ಓರೆ ಮಾಡಿದರು.

"ಮಾಸ್ತರ," ಎಂದರು, "ಈ ಸಾಹೇಬ್ರು ಯಾವ ಮಠದಾಗ ದೀಕ್ಷಾ ತೊಗೊಂಡಾರ್ರಿ?"

ಕಾರ್ಯದರ್ಶಿಗಳು ಬಗ್ಗಿ ನೋಡಿದರು. ನಾನೂ ನೋಡಿದೆ. ನೇರವಾಗಿ ನೋಡಿದರೆ ಏನೂ ಕಾಣದು, ಬಿಳಿಚಿದ ಹಣೆ ಅಷ್ಟೇ. ಓರೆ ಬೆಳಕಿನಲ್ಲಿ ಮೂರು ಗೆರೆ ಉಬ್ಬಿ ನಿಂತವು. ದಪ್ಪ ಬಿಳಿ, ಅಡ್ಡಡ್ಡ. ಕಾರ್ಯದರ್ಶಿಗಳು ಜೋರಾಗಿ ನಕ್ಕರು. "ಸಾಹೇಬ್ರಿಗೂ ವಿಭೂತಿ ಬಡದ ಬಿಟ್ಟೀರಲ್ಲರೀ!" ಅವರ ನಗು ನೋಡಿ ಕಾಕಾ ಕೂಡ ನಕ್ಕರು. ಆ ನಗುವನ್ನು ನಾನು ಮರೆಯಬೇಕೆಂದಿದ್ದೇನೆ, ಆಗಿಲ್ಲ.

"ಯಾರ ಕೈದು ಇದು?" ಎಂದು ಪ್ರಾಧ್ಯಾಪಕರು ಕೇಳಿದರು.

ನಾನು ಪಟ್ಟಿ ಹಿಡಿದುಕೊಂಡು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಕಾಕಾ ನನ್ನ ಕಡೆ ತಿರುಗಲಿಲ್ಲ. "ನಾನ ಹಾಕೀನ್ರಿ," ಎಂದರು.

"ಎರಡನೇದು ಪೂರಾ ನಿಮ್ಮ ಕೈದ?"

"ಹೌದ್ರಿ."

"ಒಂದನೇದು?"

"ಅದು ಅವರದರಿ. ಕೆಂಪ ಮಾಸಿತ್ತು, ಅಲ್ಲಲ್ಲಿ ಒಂದೀಟ ತುಂಬೀನಿ."

"ಅಲ್ಲಲ್ಲಿ ಅಂದ್ರ? ಯಾವ ಯಾವ ಹಾಳಿ?"

ಅದು ಕಾಕಾಗೆ ನೆನಪಿರಲಿಲ್ಲ. ಪ್ರಾಧ್ಯಾಪಕರು ಕೆಟ್ಟವರಲ್ಲ. ಭೂತಗನ್ನಡಿಯನ್ನು ಚೀಲದಲ್ಲಿ ಇಡುತ್ತ ಮೆಲ್ಲಗೆ ಹೇಳಿದರು: "ನಿಮ್ಮ ಕೈ ಭಾಳ ಛಲೋ ಅದರಿ ಮಾಸ್ತರ. ತ್ರಾಸ ಇರೂದು ಅಲ್ಲೇ. ಅವರದು ಎಲ್ಲಿ ಮುಗೀತು, ನಿಮ್ಮದು ಎಲ್ಲಿ ಸುರು ಆತು, ನನಗ ತಿಳೀವಲ್ದು. ತಿಳೀಲಾರದ್ದಕ್ಕ ನಾ ಹೆಂಗ ಸಹಿ ಮಾಡ್ಲಿ?" ಕಪಾಟಿನ ಉಳಿದ ಪುಸ್ತಕಗಳನ್ನು ಅವರು ತೆಗೆದೂ ನೋಡಲಿಲ್ಲ. ಕಾಕು ತಂದಿಟ್ಟ ಚಹಾ ಕುಡಿದು ಇಬ್ಬರೂ ಹೋದರು. ಕೋಣೆಯ ಮಾತು ಮುಂದೆ ಯಾರೂ ಎತ್ತಲಿಲ್ಲ.

ಆ ದಿನದ ನನ್ನ ಡೈರಿಯಲ್ಲಿ ಇರುವುದು: "ಮೋಡ. ಸಂಜೆ ರೈಲಿಗೆ ಧಾರವಾಡಕ್ಕೆ ವಾಪಸ್." ಅಷ್ಟೇ.

ಆ ಮೂರು ಗೆರೆ ಹಾಕಿದವಳು ನಾನು. ಹಾಗೆಂದು ನನಗೆ ಸ್ಪಷ್ಟ ನೆನಪಿದೆ: ಕಾಕಾ ಯಾರೋ ಕರೆದರೆಂದು ಹೊರಗೆ ಹೋಗಿದ್ದಾರೆ, ಎದೆಯ ಪಟ್ಟಿಗೆ ಬಿಳಿ ತುಂಬಿ ಮುಗಿದಿದೆ, ಕುಂಚದಲ್ಲಿ ಇನ್ನೂ ಬಣ್ಣ ಉಳಿದಿದೆ, ಸಾಹೇಬನ ಹಣೆ ಬೋಳಾಗಿದೆ, ಹೆಣದ ಹಾಗೆ. ಎಡದಿಂದ ಬಲಕ್ಕೆ ಮೂರು ಸಲ ಎಳೆಯುತ್ತೇನೆ. ತೊಂದರೆ ಏನೆಂದರೆ, ಪ್ರಾಧ್ಯಾಪಕರು ಹಾಳೆ ಎತ್ತಿ ಹಿಡಿಯುವ ಕ್ಷಣದ ತನಕ ಈ ನೆನಪು ನನ್ನಲ್ಲಿ ಇರಲಿಲ್ಲ. ಆ ಮುಂಜಾನೆಗಿಂತ ಮುಂಚಿನ ಯಾವ ಡೈರಿಯಲ್ಲೂ ಇದರ ಸುಳಿವಿಲ್ಲ. ಗೆರೆ ನೋಡಿದ ಮೇಲೆ ಹುಟ್ಟಿಕೊಂಡ ನೆನಪೋ, ನೋಡಿದ ಮೇಲೆ ಎದ್ದು ಬಂದ ನೆನಪೋ, ಬೇರ್ಪಡಿಸಲು ನನಗೆ ಬರುವುದಿಲ್ಲ.

ನಾಲ್ಕು ದಿನ ಕಳೆದಿರಬೇಕು. ಕಾಕು ಹಾಸ್ಟೆಲಿಗೆ ಫೋನ್ ಮಾಡಿದರು. "ಲಗೂನ ಬಾ ಬೇ. ಪುಸ್ತಕದ ಹೊಲಿಗಿ ಬಿಚ್ಚಾಕತ್ತಾರ. ಯಾಕ ಅಂದ್ರ ಮಾತ ಆಡವಲ್ರು."

ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ಮುಟ್ಟಿದೆ. ಹಿತ್ತಲಲ್ಲಿ ಕಾಕಾ ಮಣೆಯ ಮೇಲೆ ಕೂತಿದ್ದರು. ಮುಂದೆ ಮದುವೆ ಮನೆಗೆ ಹಿಟ್ಟು ನಾದುವ ದೊಡ್ಡ ಹಿತ್ತಾಳೆ ಪರಾತ, ತುಂಬ ನೀರು. ನೀರಲ್ಲಿ ಒಂದು ಹಾಳೆ. ಎರಡನೆಯ ಸಂಪುಟದ ಹಾಳೆಗಳೆಲ್ಲ ಆಗಲೇ ಅರಿವೆ ಒಣಹಾಕುವ ಹಗ್ಗದ ಮೇಲಿದ್ದವು, ಕ್ಲಿಪ್ಪು ಹಾಕಿ. ಕೋಟುಗಳ ಕೆಂಪು ತೊಳೆದುಹೋಗಿ ಅಲ್ಲಲ್ಲಿ ತೆಳ್ಳನೆಯ ಕಲೆ ಉಳಿದಿತ್ತು. ಉಳಿದದ್ದು ಬೆಳಗಾವಿಯಿಂದ ಬಂದ ದಿನ ಇದ್ದ ಹಾಗೆ ಬರೀ ಗೆರೆ. ಬಚ್ಚಲಿನ ಕಡೆ ಹರಿಯುವ ನೀರು ಕೆಂಪಗಿತ್ತು.

"ಏನ ಮಾಡಾಕತ್ತೀರಿ ಕಾಕಾ?"

"ನಮ್ಮದು ಹೋಗ್ತದ, ಅವರದು ಉಳೀತದ," ಎಂದರು, ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ. "ಹಳೇ ಬಣ್ಣ ಕಾಗದದ ಒಳಗ ಇಳದಿರ್ತದ. ಎರಡನೇದು ಮುಗೀತು. ಈಗ ಒಂದನೇದು. ನಿನಗ ನೆನಪದ ಏನ ಯವ್ವಾ, ಇದರಾಗ ಯಾವ್ಯಾವು ಮಾಡಿದ್ವಿ? ಅಷ್ಟ ತೊಳದ್ರ ಸಾಕು. ಉಳದದ್ದು ಅವರದ ಅಂತ ಎದಿ ಮುಟ್ಟಿ ಹೇಳ್ತೀನಿ."

ನೆನಪಿಲ್ಲ ಎನ್ನಬೇಕಿತ್ತು. ಇತಿಹಾಸದ ವಿದ್ಯಾರ್ಥಿನಿ, ಅದನ್ನು ಹೇಳಲು ನನಗೆ ಕಲಿಸಿದ್ದರು. ಆದರೆ ಪ್ರಾಧ್ಯಾಪಕರ ಮುಂದೆ ಬಾಯಿ ಬಿಡದೆ ನಿಂತವಳು ನಾನು. ಈಗಲಾದರೂ ಉಪಯೋಗಕ್ಕೆ ಬರಬೇಕೆಂಬ ಅವಸರವಿತ್ತು. ಹಾಳೆ ತಿರುವಿ ಐದನ್ನು ಆರಿಸಿ ಕೊಟ್ಟೆ. ತುತ್ತೂರಿಯವನನ್ನು ಕೊಟ್ಟದ್ದು ಖಚಿತವಾಗಿ ನೆನಪಿದೆ. ಅವನ ಕೆಂಪು ನನ್ನ ಕಣ್ಣಿಗೆ ತೀರ ಹೊಸದಾಗಿ ಕಂಡಿತ್ತು.

ಮೊದಲೆರಡರ ಕೆಂಪು ಬೇಗನೆ ಬಿಟ್ಟಿತು. ಮೂರನೆಯವನೇ ತುತ್ತೂರಿಯವ. ಕಾಕಾ ಅವನನ್ನು ನೀರಿಗೆ ಇಳಿಸಿ ಹತ್ತಿಯಿಂದ ಒತ್ತಿದರು. ಬಣ್ಣ ಏಳಲಿಲ್ಲ. ಇನ್ನಷ್ಟು ಒತ್ತಿದರು, ತಿಕ್ಕಿದರು. ಮೇಲಿನ ಹೊಳಪು ಹೋಗಿ, ಕಾಗದದ ಎಳೆ ಎದ್ದು, ಮುಖದ ಕಂದು ಕುತ್ತಿಗೆಗೆ ಹರಿಯಿತು. ಆದರೆ ಕೋಟಿನ ಕೆಂಪು ಒಳಗೆ ಹಾಗೆಯೇ ಕೂತಿತ್ತು. ಕಾಕಾ ಹತ್ತಿಯನ್ನು ಕೆಳಗಿಟ್ಟರು.

"ಇದು ಅವರದ ಇತ್ತು," ಎಂದರು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಮುಗಿಸುತ್ತಿದ್ದೆ. ಆ ಹಾಳೆಯನ್ನು ಎತ್ತಿ ಬದಿಗಿಟ್ಟರು. ಆಮೇಲೆ ಮೊದಲ ಸಂಪುಟದ ಉಳಿದ ಹಾಳೆಗಳನ್ನೆಲ್ಲ ಒಟ್ಟಿಗೆ ಎತ್ತಿ ಪರಾತಕ್ಕೆ ಇಳಿಸಿದರು. ಕಾಕು ಬಾಗಿಲಲ್ಲಿ ನಿಂತು "ಅಯ್ಯ, ಅಯ್ಯ, ತಲಿ ಕೆಟ್ಟತೇನ್ರಿ ನಿಮಗ? ಹಿಡಿ ಬೇ ಅವರ ಕೈ!" ಎಂದು ಕೂಗಿದರು. ನಾನು ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಎಂಬುದಕ್ಕೆ ನಾನು ಬರೆದುಕೊಂಡ ಕಾರಣಗಳು ಮೂರು ಡೈರಿಗಳಲ್ಲಿ ಮೂರು ಥರ ಇವೆ.

ಸಂಜೆಗೆ ಹಾಳೆಗಳು ಒಣಗಿ ಹಪ್ಪಳದ ಹಾಗೆ ಸೊಟ್ಟಗಾದವು. ಕಾಕಾ ಪರಾತವನ್ನು ತಾವೇ ಬೂದಿ ಹಾಕಿ ತಿಕ್ಕಿ ತೊಳೆದು, ಒಳಗೆ ಒಯ್ದಿಟ್ಟರು. ಕಪಾಟಿನ ಉಳಿದ ಪುಸ್ತಕಗಳನ್ನು ಆ ವರ್ಷವೇ ಪುಣೆಯ ಕಡೆಯವರು ಯಾರೋ ಒಯ್ದರು. ಮರುವರ್ಷ ಕಾಕಾ ತೀರಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಕಾಲಿನ ಗಾಯ ಮಾಯಲಿಲ್ಲ. ಪುಸ್ತಕದ ಕೊರಗಿನಿಂದ ಸತ್ತರು ಎಂದು ಬರೆದರೆ ಓದುವವರಿಗೆ ಸರಿ ಅನಿಸಬಹುದು, ನಾನು ಬರೆಯಲಾರೆ. ಆ ಹಿತ್ತಲಿನ ದಿನದ ನಂತರ ಅವರು ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಿದ್ದರು, ಪರೀಕ್ಷೆ ಹೇಗಾಯಿತು, ಊಟ ಹೇಗಿದೆ, ಎಂದು. ಬಣ್ಣದ ಮಾತು ಮಾತ್ರ ಆಡಲಿಲ್ಲ. ಮಣ್ಣು ಮಾಡುವ ದಿನ ಅವರ ಹಣೆಗೆ ವಿಭೂತಿ ಹಚ್ಚುವಾಗ ನಾನು ಆ ಕಡೆ ನೋಡಲಿಲ್ಲ.

ಹೋದ ತಿಂಗಳು ಕುಂದಗೋಳಕ್ಕೆ ಹೋಗಿದ್ದೆ. ಕಾಕಾನ ಮಗಳು ಅಳಿಯ ಈಗ ಅದೇ ಮನೆಯಲ್ಲಿದ್ದಾರೆ. ಕಾಕುಗೆ ಮಂಡಿನೋವು, ಉಳಿದಂತೆ ಗಟ್ಟಿ. ತೊಳೆದ ಹಾಳೆಗಳ ಕಟ್ಟನ್ನು ಅವರು ಟ್ರಂಕಿನಲ್ಲಿ ಇಟ್ಟಿದ್ದರು. ಬಿಚ್ಚಿ, ಸಾಹೇಬನ ಹಾಳೆ ಹುಡುಕಿ ತೆಗೆದೆ. ಹಣೆ ಬೋಳಾಗಿತ್ತು. ಮೊಬೈಲಿನ ದೀಪ ಓರೆಯಾಗಿ ಹಿಡಿದು ನೋಡಿದೆ, ಗೆರೆಯ ಗುರುತು ಕೂಡ ಉಳಿದಿರಲಿಲ್ಲ.

ಕಾಕು ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. ನಾನೂ ಕೂತು ಒಡೆಯತೊಡಗಿದೆ.

"ಕಾಕೂ, ಆ ಸಾಹೇಬನ ಹಣಿಗೆ ವಿಭೂತಿ ನೀವೇನರ ಹಚ್ಚಿದ್ರೇನ್ರಿ, ಖಂಡೆ ಪೂಜಿ ದಿನ?"

"ನಾ ರಟ್ಟಿಗೆ ಹಚ್ಚತಿದ್ದೆ. ಒಳಗ ತಗದ ನೋಡಿದಾಕೀನ ಅಲ್ಲ," ಎಂದರು. "ನನಗ್ಯಾಕ ಬೇಕಿತ್ತು ಆ ಸಾಹೇಬ್ರ ಹಣಿ?"

"ಹಂಗಾರ ನಾನ."

"ಇರಬೇಕು. ನಿನ್ನ ಕೈ ಸುಮ್ಮ ಕೂಡ್ತಿರಲಿಲ್ಲ." ಸಿಪ್ಪೆಯನ್ನು ಒಂದು ಕಡೆ ಸರಿಸಿದರು. "ಕೆಟ್ಟದ್ದೇನ ಬರದಿ? ವಿಭೂತೀನ ಹೌದಲ್ಲ."

ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಆಗ ಕೇಳಿದೆ. ಕಾಕು ಒಡೆಯುತ್ತಿದ್ದ ಕಾಯಿಯನ್ನು ಹಾಗೆಯೇ ಮೊರದಲ್ಲಿ ಬಿಟ್ಟು, ಮಂಡಿ ಹಿಡಿದು ಎದ್ದು, ಒಳಗೆ ಹೋದರು. ನಾನು ಬಸ್ಸಿಗೆ ಹೊರಡುವ ತನಕ ಬೇರೆ ಏನೇನೋ ಮಾತಾಡಿದರು. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ, ಆಗಲೂ ಆ ಮಾತಿಗೆ ಬರುವುದಿಲ್ಲ. ನಾನು ಕೇಳಿದ್ದು ಇಷ್ಟು:

"ಅದು ನನ್ನ ಕೆಲಸ ಅಂತ ಗೊತ್ತಿದ್ದೂ ಕಾಕಾ ಅವತ್ತ 'ನಾನ ಹಾಕೀನಿ' ಅಂದ್ರೇನ್ರಿ, ಇಲ್ಲಾ ತಾವ ಹಾಕಿದ್ದು ಅಂತ ಖರೇನ ತಿಳಕೊಂಡಿದ್ರೇನು?"